ಕೋಲಾರದಿಂದ ದುಬೈನಲ್ಲಿ ಮನೆ ಕೊಳ್ಳುವುದು: ಹಣದ ಮೂಲದಿಂದ ಹಕ್ಕುಪತ್ರದವರೆಗೆ ಕಾನೂನಿನ ಹಂತಗಳು

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೆ ಭೂಸ್ವಾಧೀನ ನಡೆದ ಮೇಲೆ, ಕೋಲಾರ ಜಿಲ್ಲೆಯ ಅನೇಕ ಕುಟುಂಬಗಳ ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಬಂದಿದೆ. ಆ ಹಣದಲ್ಲಿ ಒಂದು ಪಾಲನ್ನು ವಿದೇಶದ ಫ್ಲ್ಯಾಟಿಗೆ ಹಾಕುವ ಯೋಚನೆ ಈಗ ಅಪರೂಪವಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ನಡೆಯುವ ವಿದೇಶಿ ಆಸ್ತಿ ಮೇಳಗಳ ಕರೆ ಇಲ್ಲಿಯವರೆಗೂ ಬರುತ್ತದೆ. ಇಂಥ ಖರೀದಿಗೆ ಎರಡು ದೇಶಗಳ ಕಾನೂನು ಒಟ್ಟಿಗೆ ಅನ್ವಯಿಸುತ್ತದೆ. ಆಸ್ತಿ ಇರುವ ದೇಶದ ಕಾನೂನು ಅದರ ಹಕ್ಕು ಯಾರದೆಂದು ತೀರ್ಮಾನಿಸುತ್ತದೆ. ಹಣ ಹೇಗೆ, ಎಷ್ಟು, ಯಾರ ಹೆಸರಿನಲ್ಲಿ ಹೊರಗೆ ಹೋಗಬೇಕೆಂಬುದನ್ನು ಭಾರತದ ಕಾನೂನು ತೀರ್ಮಾನಿಸುತ್ತದೆ. ಮೇಳದ ಏಜೆಂಟರು ವಿವರಿಸುವುದು ಮೊದಲನೆಯದನ್ನು ಮಾತ್ರ. ಆದರೆ ಕೊಂಡವರ ಮನೆ ಬಾಗಿಲಿಗೆ ನೋಟಿಸು ಬರುವುದು ಹೆಚ್ಚಾಗಿ ಎರಡನೆಯದರ ಕಾರಣಕ್ಕೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಇಲ್ಲಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದು, ವಿದೇಶದ ಭಾಗಕ್ಕೆ ದುಬೈಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ.

ಮೊದಲ ಹಂತ: ಯಾರ ಹೆಸರಿನಲ್ಲಿ, ಯಾವ ದಾರಿಯಲ್ಲಿ

1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಮೊದಲು ಕೇಳುವುದು ನೀವು ಭಾರತದ ನಿವಾಸಿಯೇ ಅಲ್ಲವೇ ಎಂಬುದನ್ನು. ದುಬೈನಲ್ಲಿ ಕೆಲಸ ಮಾಡುತ್ತಿರುವ ಮಗ ಅಲ್ಲಿಯೇ ದುಡಿದ ಹಣದಲ್ಲಿ ಅಲ್ಲಿಯೇ ಮನೆ ಕೊಂಡರೆ ಈ ಕಾಯ್ದೆಯ ಮಿತಿಗಳು ಅವನಿಗೆ ತಾಗುವುದಿಲ್ಲ. ಮುಂದೆ ಅವನು ಊರಿಗೆ ಮರಳಿದರೂ ಆ ಮನೆಯನ್ನು ಉಳಿಸಿಕೊಳ್ಳಲು ಕಾಯ್ದೆಯ 6(4)ನೇ ಕಲಂ ಅವಕಾಶ ಕೊಡುತ್ತದೆ. ಅದೇ ಮನೆಯನ್ನು ಕೋಲಾರದಲ್ಲಿರುವ ತಂದೆ ತಾಯಿ ಕೊಳ್ಳುವುದಾದರೆ ಲೆಕ್ಕವೇ ಬೇರೆ. ಅವರು 2022ರ ಆಗಸ್ಟ್ 22ರಂದು ಪ್ರಕಟವಾದ ಸಾಗರೋತ್ತರ ಹೂಡಿಕೆ ನಿಯಮಗಳ 21ನೇ ನಿಯಮ ತೋರಿಸುವ ದಾರಿಗಳಲ್ಲೇ ನಡೆಯಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ, ಅಂದರೆ ಎಲ್‌ಆರ್‌ಎಸ್ ಮೂಲಕ ಕಳುಹಿಸಿದ ಹಣ, ನಿವಾಸಿಗಳ ವಿದೇಶಿ ಕರೆನ್ಸಿ ಖಾತೆಯಲ್ಲಿರುವ ಹಣ, ಕಾನೂನುಬದ್ಧವಾಗಿ ಹೊಂದಿರುವ ವಿದೇಶಿ ಆಸ್ತಿಯ ಆದಾಯ ಅಥವಾ ಮಾರಾಟದ ಹಣ, ವಿದೇಶದಲ್ಲಿರುವ ಬಂಧುವಿನ ಜೊತೆ ಜಂಟಿ ಖರೀದಿ, ಉತ್ತರಾಧಿಕಾರ, ಇವು ಆ ದಾರಿಗಳಲ್ಲಿ ಮುಖ್ಯವಾದವು. ನಮ್ಮ ಕಡೆಯವರಿಗೆ ಬಹುಪಾಲು ಉಳಿಯುವುದು ಎಲ್‌ಆರ್‌ಎಸ್ ಒಂದೇ.

ಎಲ್‌ಆರ್‌ಎಸ್ ವ್ಯಕ್ತಿಗಳಿಗೆ ಮಾತ್ರ ಸಿಗುವ ಯೋಜನೆ. ಪಾಲುದಾರಿಕೆ ಸಂಸ್ಥೆ, ಟ್ರಸ್ಟ್, ಕಂಪನಿ ಹಾಗೂ ಹಿಂದೂ ಅವಿಭಕ್ತ ಕುಟುಂಬ ಇದನ್ನು ಬಳಸುವಂತಿಲ್ಲ. ಈ ಪಟ್ಟಿಯ ಕೊನೆಯ ಹೆಸರು ಕೋಲಾರದಂಥ ಜಿಲ್ಲೆಯಲ್ಲಿ ತೊಡಕು ತರುತ್ತದೆ. ಪಿತ್ರಾರ್ಜಿತ ಜಮೀನಿನ ಪಹಣಿ ತಂದೆಯ ಅಥವಾ ಹಿರಿಯ ಅಣ್ಣನ ಹೆಸರಿನಲ್ಲಿರುತ್ತದೆ, ಪರಿಹಾರದ ಹಣ ಅದೇ ಒಂದು ಖಾತೆಗೆ ಜಮೆಯಾಗುತ್ತದೆ, ಆದರೆ ಅದರಲ್ಲಿ ತಮ್ಮಂದಿರ ಪಾಲೂ ಇರುತ್ತದೆ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಪಾಲೂ ಸಮನಾಗಿ ಇರುತ್ತದೆ. ಆ ಖಾತೆಯಿಂದ ಅಣ್ಣನೊಬ್ಬನೇ ತನ್ನ ಹೆಸರಿನಲ್ಲಿ ದುಬೈಗೆ ಹಣ ಕಳುಹಿಸಿದರೆ ಬ್ಯಾಂಕಿಗೆ ಸಂಶಯ ಬರದಿರಬಹುದು, ಆದರೆ ತಂಗಿಯೊಬ್ಬಳು ಪಾಲಿನ ದಾವೆ ಹಾಕಿದ ದಿನ ವಿದೇಶದ ಫ್ಲ್ಯಾಟೂ ಆ ವ್ಯಾಜ್ಯದೊಳಕ್ಕೆ ಬರುತ್ತದೆ. ನಾಡಕಚೇರಿಯಿಂದ ವಂಶವೃಕ್ಷ ಪಡೆದು, ವಿಭಾಗ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಅವರವರ ಪಾಲು ಅವರವರ ಖಾತೆಗೆ ಹೋದ ಮೇಲೆ ಮುಂದುವರಿಯುವುದು ಕ್ಷೇಮ. ಇದಕ್ಕೆ ಕೆಲವು ವಾರ ಹೆಚ್ಚು ಹಿಡಿದರೆ ಹಿಡಿಯಲಿ.

ಎರಡನೆಯ ಹಂತ: ಹಣದ ಮೂಲದ ಕಡತ

ವಿದೇಶಕ್ಕೆ ಕೋಟಿಗಟ್ಟಲೆ ಕಳುಹಿಸುವವರನ್ನು ಬ್ಯಾಂಕು ಕೇಳುವ ಮೊದಲ ಪ್ರಶ್ನೆ ಈ ಹಣ ಎಲ್ಲಿಂದ ಬಂತು ಎಂಬುದು. ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ಒಂದು ಕಡತವೇ ಬೇಕು. ಭೂಸ್ವಾಧೀನದ ಹಣವಾದರೆ ಐತೀರ್ಪಿನ ಪ್ರತಿ, ಪರಿಹಾರ ಜಮೆಯಾದ ದಿನದ ಪಾಸ್‌ಬುಕ್ ಪುಟ ಮತ್ತು ಸ್ವಾಧೀನಕ್ಕೆ ಮೊದಲಿನ ಪಹಣಿ ಇರಲಿ. ಮಾರಾಟದ ಹಣವಾದರೆ ನೋಂದಾಯಿತ ಕ್ರಯಪತ್ರ, ಋಣಭಾರ ಪತ್ರ ಮತ್ತು ಕೊಂಡವರು ಹಣ ಪಾವತಿಸಿದ ಬ್ಯಾಂಕ್ ದಾಖಲೆ ಇರಲಿ.

ತೆರಿಗೆಯ ಸ್ಥಿತಿಯನ್ನೂ ಇದೇ ಕಡತದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. 2013ರ ಭೂಸ್ವಾಧೀನ ಕಾಯ್ದೆಯಡಿ ಬಂದ ಪರಿಹಾರಕ್ಕೆ ಅದರ 96ನೇ ಕಲಮಿನಂತೆ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ನಿಮ್ಮ ಜಮೀನು ಯಾವ ಕಾಯ್ದೆಯಡಿ ಸ್ವಾಧೀನವಾಯಿತು ಎಂಬುದನ್ನು ಐತೀರ್ಪಿನ ಮೊದಲ ಪುಟದಲ್ಲೇ ನೋಡಿಕೊಳ್ಳಬೇಕು, ಏಕೆಂದರೆ ಕೈಗಾರಿಕಾ ಪ್ರದೇಶಕ್ಕೆ ಹೋದ ಜಮೀನು ಮತ್ತು ಹೆದ್ದಾರಿಗೆ ಹೋದ ಜಮೀನು ಬೇರೆ ಬೇರೆ ಕಾಯ್ದೆಯಡಿ ಬರುತ್ತವೆ. ಖಾಸಗಿಯಾಗಿ ಮಾರಿದ ಕೃಷಿ ಜಮೀನಾದರೆ ಅದು ಗ್ರಾಮೀಣ ಕೃಷಿ ಭೂಮಿಯೇ ಎಂಬುದು ಪ್ರಶ್ನೆ. ಜನಸಂಖ್ಯೆ ಒಂದು ಲಕ್ಷ ಮೀರಿದ, ಹತ್ತು ಲಕ್ಷ ಮೀರದ ನಗರದ ಗಡಿಯಿಂದ 6 ಕಿಲೋಮೀಟರ್ ಒಳಗಿದ್ದರೆ ಅದು ತೆರಿಗೆಗೆ ಒಳಪಡುವ ಆಸ್ತಿ. 2011ರ ಜನಗಣತಿಯಂತೆ ಕೋಲಾರ ನಗರ ಈ ಗುಂಪಿಗೆ ಸೇರುತ್ತದೆ. ಶ್ರೀನಿವಾಸಪುರದಂಥ ಪಟ್ಟಣಕ್ಕೆ ಈ ಅಂತರ 2 ಕಿಲೋಮೀಟರ್. ಅಳತೆ ರಸ್ತೆಯದಲ್ಲ, ನೇರ ಗೆರೆ ಎಳೆದ ಅಂತರ.

ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನಷ್ಟೇ ತೋರಿಸಿ ಉಳಿದದ್ದನ್ನು ನಗದಾಗಿ ಪಡೆದವರು ನಮ್ಮಲ್ಲಿ ಅನೇಕರಿದ್ದಾರೆ. ಆ ನಗದು ವಿದೇಶಕ್ಕೆ ಹೋಗಲು ಕಾನೂನಿನ ದಾರಿಯೇ ಇಲ್ಲ. ಇಲ್ಲಿ ಯಾರಿಗೋ ನೋಟು ಕೊಟ್ಟು ಅಲ್ಲಿ ದಿರ್ಹಂ ಪಡೆಯುವ ಹವಾಲಾ ವ್ಯವಹಾರಕ್ಕೆ ಫೆಮಾ ಅಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. 2015ರಲ್ಲಿ ಸೇರಿಸಿದ 37ಎ ಕಲಂ ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು: ವಿದೇಶದಲ್ಲಿ ಅಕ್ರಮವಾಗಿ ಕೊಂಡ ಆಸ್ತಿಯ ಮೌಲ್ಯಕ್ಕೆ ಸಮನಾದ ಆಸ್ತಿಯನ್ನು ಭಾರತದಲ್ಲೇ ಜಪ್ತಿ ಮಾಡಲು ಅದು ಅಧಿಕಾರ ಕೊಡುತ್ತದೆ. ದುಬೈನ ಫ್ಲ್ಯಾಟಿನ ತಪ್ಪಿಗೆ ಮುಳಬಾಗಿಲಿನ ತೋಟ ಜಪ್ತಿಯಾಗಬಹುದು ಎಂದರ್ಥ.

ಮೂರನೆಯ ಹಂತ: ಮಿತಿ ಮತ್ತು ಟಿಸಿಎಸ್ ಲೆಕ್ಕ

ಎಲ್‌ಆರ್‌ಎಸ್ 2004ರಲ್ಲಿ 25,000 ಡಾಲರ್ ಮಿತಿಯೊಂದಿಗೆ ಆರಂಭವಾಯಿತು. 2015ರಿಂದ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಿತಿ ಇದೆ. ಆ ವರ್ಷ ಪ್ರವಾಸಕ್ಕೆ ಒಯ್ದ ವಿದೇಶಿ ಹಣ, ಅಮೆರಿಕದಲ್ಲಿರುವ ಮಗಳಿಗೆ ಕಳುಹಿಸಿದ ಉಡುಗೊರೆ ಎಲ್ಲವೂ ಇದೇ ಮಿತಿಯೊಳಗೆ ಸೇರುತ್ತವೆ. ಕುಟುಂಬದ ಹಲವರ ಮಿತಿಗಳನ್ನು ಒಟ್ಟುಗೂಡಿಸಿ ಕೊಳ್ಳಬಹುದು, ಆದರೆ ಹಣ ಕಳುಹಿಸಿದ ಪ್ರತಿಯೊಬ್ಬರ ಹೆಸರೂ ಹಕ್ಕುಪತ್ರದಲ್ಲಿ ಇರಲೇಬೇಕು. ಅತ್ತೆಯ ಖಾತೆಯಿಂದ ಹಣ ಕಳುಹಿಸಿ ಅಳಿಯನೊಬ್ಬನ ಹೆಸರಿಗೆ ಮನೆ ಮಾಡಿಸುವ ಉಪಾಯ ನಡೆಯುವುದಿಲ್ಲ.

ಈ ಯೋಜನೆಯಡಿ ಆಸ್ತಿ ಕೊಳ್ಳಲು ಬ್ಯಾಂಕು ಸಾಲ ಕೊಡುವಂತಿಲ್ಲ. ಹಣ ನಿಮ್ಮದೇ ಆಗಿರಬೇಕು. ನಿವಾಸಿಯೊಬ್ಬರು ವಿದೇಶದ ಬ್ಯಾಂಕಿನಿಂದ ಗೃಹಸಾಲ ಪಡೆಯುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ.

ಇನ್ನು ಟಿಸಿಎಸ್, ಅಂದರೆ ಹಣ ಕಳುಹಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ, ಆಸ್ತಿ ಖರೀದಿಗಾದರೆ, ಶೇ 20. ಶ್ರೀನಿವಾಸಪುರದ ದಂಪತಿ ದುಬೈನಲ್ಲಿ 10 ಲಕ್ಷ ದಿರ್ಹಂ ಬೆಲೆಯ ಫ್ಲ್ಯಾಟ್ ಕೊಳ್ಳುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಲೆಯ ಮೇಲೆ ಶೇ 4ರ ನೋಂದಣಿ ಶುಲ್ಕ 40,000 ದಿರ್ಹಂ, ಏಜೆಂಟರ ಶೇ 2 ಮತ್ತು ಅದರ ಮೇಲಿನ ಶೇ 5 ಮೌಲ್ಯವರ್ಧಿತ ತೆರಿಗೆ ಸೇರಿ 21,000, ಭೂ ಇಲಾಖೆಯ ಪರವಾಗಿ ಕೆಲಸ ಮಾಡುವ ನೋಂದಣಿ ಟ್ರಸ್ಟಿ ಕಚೇರಿಗೆ 4,200, ಒಟ್ಟು 10,65,200 ದಿರ್ಹಂ. ಡಾಲರಿಗೆ 3.6725 ದಿರ್ಹಂ ಎಂಬ ದರ 1997ರಿಂದ ಸ್ಥಿರವಾಗಿರುವುದರಿಂದ ಇದು ಸುಮಾರು 2,90,000 ಡಾಲರ್ ಆಗುತ್ತದೆ. ಒಬ್ಬರ ಮಿತಿ ಮೀರಿತು. ಇಬ್ಬರೂ ಸಮನಾಗಿ 1,45,000 ಡಾಲರ್ ಕಳುಹಿಸಬೇಕು. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ ಹಿಡಿದರೆ ಒಬ್ಬೊಬ್ಬರದು 1 ಕೋಟಿ 30.5 ಲಕ್ಷ. ಅದರಲ್ಲಿ 10 ಲಕ್ಷ ಕಳೆದು ಉಳಿದದ್ದರ ಮೇಲೆ ಶೇ 20 ಎಂದರೆ ತಲಾ 24.1 ಲಕ್ಷ, ಇಬ್ಬರಿಗೂ ಸೇರಿ 48.2 ಲಕ್ಷ. ಫ್ಲ್ಯಾಟಿನ 2 ಕೋಟಿ 61 ಲಕ್ಷದ ಜೊತೆಗೆ ಈ ಮೊತ್ತವೂ ಆ ದಿನ ಖಾತೆಯಲ್ಲಿರಬೇಕು. ಮೇಳದಲ್ಲಿ ಕೊಡುವ ಬಣ್ಣದ ಕರಪತ್ರಗಳಲ್ಲಿ ಈ ಸಾಲು ಕಾಣುವುದಿಲ್ಲ.

ಟಿಸಿಎಸ್ ಹೆಚ್ಚುವರಿ ತೆರಿಗೆಯಲ್ಲ, ಮುಂಗಡ ಮಾತ್ರ. ಅದು ನಿಮ್ಮ ಪ್ಯಾನ್ ಖಾತೆಯಲ್ಲಿ ಜಮೆಯಾಗಿ, ರಿಟರ್ನ್ಸ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಕೆಯಾಗುತ್ತದೆ, ಉಳಿದದ್ದು ವಾಪಸು ಬರುತ್ತದೆ. ಕೃಷಿ ಆದಾಯವೊಂದೇ ಇರುವವರಿಗೆ ಪೂರ್ತಿ ಮೊತ್ತವೇ ವಾಪಸು ಬರಬೇಕಾದದ್ದು. ಆದರೆ ಯಾವಾಗ ಎಂಬುದು ನೀವು ಹಣ ಕಳುಹಿಸಿದ ತಿಂಗಳನ್ನು ಅವಲಂಬಿಸಿದೆ. ಏಪ್ರಿಲಿನಲ್ಲಿ ಕಳುಹಿಸಿದರೆ ಆ ಹಣಕಾಸು ವರ್ಷ ಮುಗಿದು ರಿಟರ್ನ್ಸ್ ಸಲ್ಲಿಸುವವರೆಗೆ ವರ್ಷಕ್ಕೂ ಮೀರಿ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಮಾರ್ಚಿನಲ್ಲಿ ಕಳುಹಿಸಿದರೆ ಕೆಲವೇ ತಿಂಗಳು. ಮಾರ್ಚಿನಲ್ಲಿ ಒಂದು ಭಾಗ, ಏಪ್ರಿಲಿನಲ್ಲಿ ಇನ್ನೊಂದು ಭಾಗ ಕಳುಹಿಸುವಂತೆ ವ್ಯವಹಾರವನ್ನು ಹೊಂದಿಸಿಕೊಂಡರೆ ಎರಡು ವರ್ಷಗಳ ಡಾಲರ್ ಮಿತಿಯೂ ಎರಡು ಬಾರಿಯ 10 ಲಕ್ಷದ ವಿನಾಯಿತಿಯೂ ಸಿಗುತ್ತವೆ. ಆಸ್ತಿ ಕೊಂಡವರಿಗೆ ದುಬೈನಲ್ಲಿ ನೆಲೆಸಲು ಸಿಗುವ ಹತ್ತು ವರ್ಷದ ಸುವರ್ಣ ವೀಸಾದ ಆಸೆಯಿಂದ ಕೊಳ್ಳುವವರಿಗೆ ಇದು ಬೇಕೇ ಬೇಕು: ಆ ವೀಸಾಕ್ಕೆ ಆಸ್ತಿಯ ಮೌಲ್ಯ 20 ಲಕ್ಷ ದಿರ್ಹಂ ಇರಬೇಕು, ಆದರೆ ದಂಪತಿಯ ಒಂದು ವರ್ಷದ ಪೂರ್ಣ ಮಿತಿ ಸೇರಿಸಿದರೂ ಆಗುವುದು 18,36,250 ದಿರ್ಹಂ.

ನಾಲ್ಕನೆಯ ಹಂತ: ಆ ದೇಶ ವಿದೇಶಿಯರಿಗೆ ಮಾರುತ್ತದೆಯೇ

ಇದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು. ಕೆನಡಾ 2023ರ ಜನವರಿಯಿಂದ ವಿದೇಶಿಯರು ವಸತಿ ಆಸ್ತಿ ಕೊಳ್ಳುವುದನ್ನು ನಿರ್ಬಂಧಿಸಿ, ಆ ನಿರ್ಬಂಧವನ್ನು 2027ರ ಜನವರಿ 1ರವರೆಗೆ ವಿಸ್ತರಿಸಿದೆ. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಹಳೆಯ ಮನೆಗಳನ್ನು ವಿದೇಶಿಯರು ಕೊಳ್ಳದಂತೆ ತಡೆದಿದೆ. ಸಿಂಗಪುರದಲ್ಲಿ ಕೊಳ್ಳಬಹುದು, ಆದರೆ 2023ರ ಏಪ್ರಿಲ್ 27ರಿಂದ ವಿದೇಶಿಯರಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕವೇ ಶೇ 60. ಥಾಯ್ಲೆಂಡಿನಲ್ಲಿ ವಿದೇಶಿಯರಿಗೆ ನೆಲದ ಒಡೆತನ ಸಿಗುವುದಿಲ್ಲ. ಕಾಂಡೊಮಿನಿಯಂ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇ 49ರವರೆಗೆ ಮಾತ್ರ ವಿದೇಶಿಯರ ಹೆಸರಿನಲ್ಲಿರಬಹುದು. ಇಂಗ್ಲೆಂಡಿನಲ್ಲಿ ತಡೆಯಿಲ್ಲ, ಆದರೆ ಅಲ್ಲಿನ ನಿವಾಸಿಯಲ್ಲದವರಿಗೆ 2021ರ ಏಪ್ರಿಲ್‌ನಿಂದ ಮುದ್ರಾಂಕ ತೆರಿಗೆಯಲ್ಲಿ ಶೇ 2 ಹೆಚ್ಚು. ಬೇರೆ ಎಲ್ಲಿಯಾದರೂ, ಕೋಲಾರದಲ್ಲಾದರೂ ಸರಿ, ಈಗಾಗಲೇ ಮನೆಯಿದ್ದರೆ ಅದರ ಮೇಲೆ ಇನ್ನೂ ಶೇ 5 ಸೇರುತ್ತದೆ. ಅಲ್ಲಿ ಕರಾರುಪತ್ರಗಳ ವಿನಿಮಯವಾಗುವವರೆಗೆ ಮಾರುವವರಿಗೂ ಕೊಳ್ಳುವವರಿಗೂ ಯಾವ ಬಾಧ್ಯತೆಯೂ ಇಲ್ಲ, ಆ ನಂತರ ಹಿಂದೆ ಸರಿದರೆ ಶೇ 10ರ ಠೇವಣಿ ಹೋಗುತ್ತದೆ. ಅಮೆರಿಕದ ಆಸ್ತಿಯ ವಿಷಯದಲ್ಲಿ ಒಂದೇ ಎಚ್ಚರಿಕೆ: ಅಲ್ಲಿನ ನಿವಾಸಿಯಲ್ಲದವರು ತೀರಿಕೊಂಡರೆ 60,000 ಡಾಲರ್ ಮೀರಿದ ಆಸ್ತಿಗೆ ಮರಣೋತ್ತರ ಆಸ್ತಿ ತೆರಿಗೆ ಬೀಳುತ್ತದೆ.

ಐದನೆಯ ಹಂತ: ದುಬೈನ ಸಿದ್ಧ ಫ್ಲ್ಯಾಟ್

ದುಬೈ 2006ರ 7ನೇ ಕಾನೂನಿನ ಮೂಲಕ ವಿದೇಶಿಯರಿಗೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪೂರ್ಣ ಒಡೆತನ ಕೊಟ್ಟಿತು. ಆಸ್ತಿ ಅಂಥ ಪ್ರದೇಶದಲ್ಲಿದೆಯೇ, ಅದು ಪೂರ್ಣ ಒಡೆತನವೇ ಅಥವಾ 99 ವರ್ಷದ ಗುತ್ತಿಗೆಯೇ ಎಂಬುದು ಮೊದಲ ಪರಿಶೀಲನೆ. ನಮ್ಮಲ್ಲಿ ಪಹಣಿ, ಮ್ಯುಟೇಷನ್, ಮೂವತ್ತು ವರ್ಷದ ಋಣಭಾರ ಪತ್ರ, ಪೋಡಿ ನಕ್ಷೆ ಎಂದು ಹಕ್ಕಿನ ಸರಪಳಿಯನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗುತ್ತೇವೆ. ದುಬೈನಲ್ಲಿ ಭೂ ಇಲಾಖೆಯ ನೋಂದಣಿಯೇ ಹಕ್ಕಿನ ಆಧಾರ. ದುಬೈ ರೆಸ್ಟ್ ಎಂಬ ಇಲಾಖೆಯ ಆ್ಯಪ್‌ನಲ್ಲಿ ಹಕ್ಕುಪತ್ರದ ಸಂಖ್ಯೆ ಹಾಕಿ ಅದರ ಸಾಚಾತನ ನೋಡಬಹುದು. ಏಜೆಂಟರಿಗೆ ನಿಯಂತ್ರಣ ಸಂಸ್ಥೆಯಾದ ರೇರಾದ ಪರವಾನಗಿ ಇದೆಯೇ ಎಂಬುದನ್ನೂ ಅಲ್ಲಿಯೇ ನೋಡಬಹುದು. ಕರ್ನಾಟಕದ ರೇರಾ ಬೇರೆ, ಅಲ್ಲಿನ ರೇರಾ ಬೇರೆ. ಬೆಂಗಳೂರಿನ ಏಜೆಂಟರು ಇಲ್ಲಿನ ನೋಂದಣಿ ಸಂಖ್ಯೆ ತೋರಿಸಿದರೆ ದುಬೈನ ಆಸ್ತಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಬೆಲೆ ಕುದುರಿದ ಮೇಲೆ ಫಾರಂ ಎಫ್ ಎಂಬ ಮಾರಾಟ ಒಪ್ಪಂದಕ್ಕೆ ಸಹಿಯಾಗುತ್ತದೆ. ನಮ್ಮ ಕ್ರಯದ ಕರಾರಿಗೆ ಸಮನಾದ ಈ ಪತ್ರದಲ್ಲಿ ಮೂರು ವಿಷಯಗಳನ್ನು ನಿಧಾನವಾಗಿ ಓದಬೇಕು: ಕೊಳ್ಳುವವರ ಹೆಸರುಗಳು ಹಣ ಕಳುಹಿಸುವವರ ಹೆಸರುಗಳಿಗೆ ಪಾಸ್‌ಪೋರ್ಟಿನ ಕಾಗುಣಿತದಲ್ಲೇ ಹೊಂದಿವೆಯೇ, ವರ್ಗಾವಣೆಯ ಕೊನೆಯ ದಿನಾಂಕ ಭಾರತದಿಂದ ಹಣ ಬರಲು ಬೇಕಾದ ಸಮಯಕ್ಕೆ ಸಾಲುತ್ತದೆಯೇ, ಹಿಂದೆ ಸರಿದರೆ ಶೇ 10ರ ಠೇವಣಿ ಯಾರಿಗೆ ಸೇರುತ್ತದೆ. ಎರಡನೆಯದು ನಮ್ಮ ಜಿಲ್ಲೆಯವರಿಗೆ ಮುಖ್ಯ, ಏಕೆಂದರೆ ಮೂವತ್ತು ದಿನದ ಗಡುವಿಗೆ ಒಪ್ಪಿ ಇಲ್ಲಿನ ಬ್ಯಾಂಕು ಮತ್ತೊಂದು ಕಾಗದ ಕೇಳಿದರೆ ಠೇವಣಿಯೇ ಅಪಾಯಕ್ಕೆ ಬೀಳುತ್ತದೆ. ಗಡುವನ್ನು ಅರವತ್ತು ದಿನಕ್ಕೆ ಕೇಳಿ. ಮಾರುವವರು ಒಪ್ಪದಿದ್ದರೆ ಆ ಫ್ಲ್ಯಾಟನ್ನು ಬಿಡಿ. ಠೇವಣಿ ಕೂಡ ಎಲ್‌ಆರ್‌ಎಸ್ ಮೂಲಕವೇ ಹೋಗಬೇಕು. ಮೇಳದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಬುಕಿಂಗ್ ಮಾಡುವುದು ಆಸ್ತಿ ಖರೀದಿಗೆ ಸಲ್ಲುವ ಪಾವತಿ ವಿಧಾನವಲ್ಲ.

ನಂತರ ಕಟ್ಟಡದ ಡೆವಲಪರ್‌ನಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹಿಂದಿನ ಒಡೆಯರು ನಿರ್ವಹಣಾ ಶುಲ್ಕದ ಬಾಕಿ ತೀರಿಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಮಾರುವವರ ಮೇಲೆ ಅಡಮಾನ ಸಾಲವಿದ್ದರೆ ಅದನ್ನು ತೀರಿಸುವ ಕ್ರಮವನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಕೊನೆಯಲ್ಲಿ ಭೂ ಇಲಾಖೆಯ ಪರವಾಗಿ ಕೆಲಸ ಮಾಡುವ ನೋಂದಣಿ ಟ್ರಸ್ಟಿ ಕಚೇರಿಯಲ್ಲಿ ಎರಡೂ ಕಡೆಯವರು ಹಾಜರಾಗಿ, ಬ್ಯಾಂಕರ್ ಚೆಕ್ ಒಪ್ಪಿಸಿ, ಶುಲ್ಕ ಕಟ್ಟಿದರೆ ಹೊಸ ಹಕ್ಕುಪತ್ರ ಹೊರಡುತ್ತದೆ.

ಕಟ್ಟುತ್ತಿರುವ ಕಟ್ಟಡದಲ್ಲಿ ಕೊಳ್ಳುವುದಾದರೆ

2007ರ 8ನೇ ಕಾನೂನಿನಂತೆ ಪ್ರತಿ ಯೋಜನೆಗೂ ಪ್ರತ್ಯೇಕ ಎಸ್ಕ್ರೋ ಖಾತೆ, ಅಂದರೆ ಆ ಕಟ್ಟಡದ ಕೆಲಸಕ್ಕೆಂದೇ ಮೀಸಲಾದ ಬ್ಯಾಂಕ್ ಖಾತೆ ಇರಬೇಕು, ಕೊಳ್ಳುವವರ ಹಣ ಆ ಖಾತೆಗೇ ಹೋಗಬೇಕು. ಡೆವಲಪರ್‌ನ ಬೇರೆ ಖಾತೆಗಾಗಲಿ, ಏಜೆಂಟರ ಖಾತೆಗಾಗಲಿ ಒಂದು ದಿರ್ಹಂ ಕೂಡ ಕಳುಹಿಸಬಾರದು. ಒಪ್ಪಂದವನ್ನು ಭೂ ಇಲಾಖೆಯ ತಾತ್ಕಾಲಿಕ ನೋಂದಣಿಯಾದ ಓಕೂದ್‌ನಲ್ಲಿ ದಾಖಲಿಸಿದ ಪತ್ರ ಕೈಗೆ ಬರಬೇಕು. ಕಂತು ಕಟ್ಟಲಾಗದೆ ನಿಂತರೆ, ಕಟ್ಟಡದ ಕೆಲಸ ಎಷ್ಟು ಮುಗಿದಿದೆ ಎಂಬುದರ ಮೇಲೆ ಡೆವಲಪರ್ ಫ್ಲ್ಯಾಟಿನ ಬೆಲೆಯ ಶೇ 40ರವರೆಗೂ ಉಳಿಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ.

ಕೀಲಿ ಕೈಗೆ ಬಂದ ಮೇಲೂ ಎರಡು ಮೂರು ವರ್ಷ ಕಂತು ಕಟ್ಟಬಹುದೆಂಬ ಯೋಜನೆಗಳು ಆಕರ್ಷಕವಾಗಿ ಕಾಣುತ್ತವೆ. ನಿವಾಸಿ ಭಾರತೀಯರು ಇವುಗಳಿಂದ ದೂರವಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆಸ್ತಿ ಪಡೆದ ಮೇಲೆ ಉಳಿಯುವ ಬಾಕಿಯನ್ನು ವಿದೇಶದಿಂದ ಪಡೆದ ಸಾಲವೆಂದು ನೋಡಿದರೆ ಫೆಮಾ ಉಲ್ಲಂಘನೆಯ ಪ್ರಶ್ನೆ ಏಳುತ್ತದೆ. ಜೊತೆಗೆ ಮುಂದಿನ ಕಂತಿನ ಹೊತ್ತಿಗೆ ರಿಸರ್ವ್ ಬ್ಯಾಂಕ್ ಮಿತಿ ಇಳಿಸಿದರೆ ಕೈಕಟ್ಟಿದಂತಾಗುತ್ತದೆ. 2013ರ ಆಗಸ್ಟ್‌ನಲ್ಲಿ ಮಿತಿಯನ್ನು 2 ಲಕ್ಷ ಡಾಲರಿನಿಂದ 75,000ಕ್ಕೆ ಇಳಿಸಿ, ವಿದೇಶದ ಸ್ಥಿರಾಸ್ತಿ ಖರೀದಿಯನ್ನೇ ಈ ಯೋಜನೆಯಿಂದ ಹೊರಗಿಟ್ಟ ಉದಾಹರಣೆ ಕಣ್ಣ ಮುಂದೆಯೇ ಇದೆ.

ಆರನೆಯ ಹಂತ: ನೀವು ಹೋಗಲಾಗದಿದ್ದರೆ ಮುಕ್ತಾರುನಾಮೆ

ಅಲ್ಲಿರುವ ಮಗನಿಗೋ ವಕೀಲರಿಗೋ ಪವರ್ ಆಫ್ ಅಟಾರ್ನಿ ಕೊಡಬಹುದು. ಕೋಲಾರದ ನೋಟರಿಯ ಸಹಿ ಇದಕ್ಕೆ ಆರಂಭ ಮಾತ್ರ. ಸಂಯುಕ್ತ ಅರಬ್ ಎಮಿರೇಟ್ಸ್ ಒಂದು ದೇಶ ದೃಢೀಕರಿಸಿದ ಕಾಗದವನ್ನು ಒಂದೇ ಮುದ್ರೆಯ ಮೇಲೆ ಇನ್ನೊಂದು ದೇಶ ಒಪ್ಪುವ ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ, ಬ್ರಿಟನ್ನಿಗೆ ಕಳುಹಿಸುವ ಕಾಗದಕ್ಕೆ ಸಾಕಾಗುವ ಅಪೋಸ್ಟಿಲ್ ಮುದ್ರೆ ಇಲ್ಲಿ ಸಾಲದು. ನೋಟರಿಯ ನಂತರ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಎಮಿರೇಟ್ಸ್ ರಾಯಭಾರ ಕಚೇರಿ, ದುಬೈ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ ಮತ್ತು ಅಧಿಕೃತ ಅರಬ್ಬಿ ಅನುವಾದ, ಹೀಗೆ ಸಾಲಾಗಿ ಆಗಬೇಕು. ಅಧಿಕಾರವನ್ನು ನಿರ್ದಿಷ್ಟ ಫ್ಲ್ಯಾಟಿನ ಸಂಖ್ಯೆಗೆ, ಖರೀದಿಯ ಕೆಲಸಕ್ಕೆ ಮಾತ್ರ ಸೀಮಿತಗೊಳಿಸಿ ಬರೆಸಿ. ಮಾರುವ ಅಧಿಕಾರವನ್ನೂ ಸೇರಿಸಿದ ಜಿಪಿಎ ನಮ್ಮೂರಿನಲ್ಲೇ ಎಷ್ಟು ಸೈಟುಗಳ ಜಗಳಕ್ಕೆ ಮೂಲವಾಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಳನೆಯ ಹಂತ: ಬ್ಯಾಂಕಿನ ಮೇಜಿನ ಮುಂದೆ

ಸಹಕಾರ ಸಂಘದಲ್ಲಿ ಅಥವಾ ಡಿಸಿಸಿ ಬ್ಯಾಂಕಿನಲ್ಲಿ ಇಟ್ಟ ಹಣವನ್ನು ಮೊದಲು ವಿದೇಶಿ ವಿನಿಮಯದ ಅಧಿಕಾರವಿರುವ ವಾಣಿಜ್ಯ ಬ್ಯಾಂಕಿಗೆ ತರಬೇಕು. ಆ ಬ್ಯಾಂಕಿನಲ್ಲಿ ನಿಮ್ಮ ಖಾತೆ ಒಂದು ವರ್ಷವಾದರೂ ಹಳೆಯದಾಗಿರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ; ಹೊಸ ಖಾತೆಯಾದರೆ ಹಿಂದಿನ ಬ್ಯಾಂಕಿನ ಒಂದು ವರ್ಷದ ವಹಿವಾಟಿನ ಪಟ್ಟಿ ಕೇಳುತ್ತಾರೆ. ತಾಲ್ಲೂಕು ಮಟ್ಟದ ಶಾಖೆಗಳಲ್ಲಿ ಈ ಕೆಲಸ ಅಪರೂಪವಾದ್ದರಿಂದ ಅರ್ಜಿಯನ್ನು ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಗೆ ಕಳುಹಿಸುವುದೇ ಹೆಚ್ಚು. ಮೊದಲೇ ಆ ಶಾಖೆಯವರೊಂದಿಗೆ ಮಾತನಾಡಿ, ಬೇಕಾದ ಕಾಗದಗಳ ಪಟ್ಟಿಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಅರ್ಜಿಯ ಹೆಸರು ಫಾರಂ ಎ2. ಇದರಲ್ಲಿ ಪ್ಯಾನ್ ಕಡ್ಡಾಯ. ಆ ಹಣಕಾಸು ವರ್ಷದಲ್ಲಿ ಈಗಾಗಲೇ ಎಲ್ಲೆಲ್ಲಿಂದ ಎಷ್ಟು ಕಳುಹಿಸಿದ್ದೀರಿ ಎಂಬ ಕೋಷ್ಟಕ ಒಂದಿರುತ್ತದೆ. ಬೇರೆ ಬ್ಯಾಂಕಿನಿಂದ ಕಳುಹಿಸಿದ್ದನ್ನೂ ಅಲ್ಲಿ ಬರೆಯಬೇಕು. ಮುಖ್ಯವಾದ ಸಾಲು ಉದ್ದೇಶದ ಸಂಕೇತ. ವಿದೇಶದ ಸ್ಥಿರಾಸ್ತಿಯಲ್ಲಿ ಹೂಡಿಕೆಗೆ ಎಸ್0005 ಎಂಬ ಸಂಕೇತವಿದೆ. ಬೇಗ ಆಗಲೆಂದು ಕುಟುಂಬ ನಿರ್ವಹಣೆ ಅಥವಾ ಉಡುಗೊರೆಯ ಸಂಕೇತ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ವರ್ಷಗಳ ನಂತರ ಫ್ಲ್ಯಾಟ್ ಮಾರಿ ಹಣ ತರುವಾಗ, ಆ ಹಣ ಯಾವ ಖರೀದಿಯಿಂದ ಬಂತು ಎಂಬುದಕ್ಕೆ ಇರುವ ಸಾಕ್ಷಿ ಈ ಒಂದು ಸಂಕೇತ. ಫಾರಂ ಎಫ್, ಹಕ್ಕುಪತ್ರದ ಪ್ರತಿ, ಮೂಲದ ಕಡತ ಇವನ್ನು ಜೊತೆಗಿಟ್ಟು, ಹಣ ಹೋದ ಮೇಲೆ ಸ್ವಿಫ್ಟ್ ಪ್ರತಿಯನ್ನೂ (ಹಣ ವಿದೇಶಕ್ಕೆ ಹೋದದ್ದಕ್ಕೆ ಬ್ಯಾಂಕಿನ ಸಂದೇಶದ ದಾಖಲೆ) ಟಿಸಿಎಸ್ ಪ್ರಮಾಣಪತ್ರವನ್ನೂ ಪಡೆದು ಭದ್ರವಾಗಿಡಿ. ಒಪ್ಪಂದ ಮುರಿದುಬಿದ್ದು ಹಣ ಅಲ್ಲಿಯೇ ಉಳಿದರೆ, ಬಳಕೆಯಾಗದ ಆ ಹಣವನ್ನು 180 ದಿನಗಳೊಳಗೆ ಭಾರತಕ್ಕೆ ವಾಪಸು ತರಬೇಕು.

ಕೊಂಡ ನಂತರ: ಪ್ರತಿ ವರ್ಷದ ಘೋಷಣೆ

ಇಲ್ಲಿ ಎಡವುವವರೇ ಹೆಚ್ಚು. ವಿದೇಶದಲ್ಲಿ ಆಸ್ತಿ ಇರುವ ಸಾಮಾನ್ಯ ನಿವಾಸಿಯು ಆದಾಯ ತೆರಿಗೆಯ ಮಿತಿಯೊಳಗಿದ್ದರೂ ರಿಟರ್ನ್ಸ್ ಸಲ್ಲಿಸಲೇಬೇಕು, ಅದೂ ಸರಳವಾದ ಐಟಿಆರ್-1ರಲ್ಲಿ ಸಲ್ಲದು, ಐಟಿಆರ್-2 ಅಥವಾ 3 ಬೇಕು. ಅದರ ವಿದೇಶಿ ಆಸ್ತಿ ಅನುಸೂಚಿಯಲ್ಲಿ ಫ್ಲ್ಯಾಟಿನ ವಿಳಾಸ, ಕೊಂಡ ದಿನ, ಹೂಡಿದ ಮೊತ್ತ, ಬಂದ ಆದಾಯ ಬರೆಯಬೇಕು. ದುಬೈನಲ್ಲಿ ಬ್ಯಾಂಕ್ ಖಾತೆ ತೆರೆದಿದ್ದರೆ ಅದನ್ನೂ ಬರೆಯಬೇಕು. ಈ ಅನುಸೂಚಿ ಹಣಕಾಸು ವರ್ಷವನ್ನು ಬಿಟ್ಟು ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ ಲೆಕ್ಕ ಕೇಳುತ್ತದೆ. ಕೃಷಿಕರಾಗಿ ಈವರೆಗೆ ರಿಟರ್ನ್ಸ್ ಸಲ್ಲಿಸದೇ ಇದ್ದವರು ಖರೀದಿಯ ವರ್ಷದಿಂದ ಆಡಿಟರ್ ಹತ್ತಿರ ಹೋಗುವುದು ಅನಿವಾರ್ಯ. ಅಂದಹಾಗೆ, 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂ ಸಂಖ್ಯೆಗಳು ಬದಲಾಗಿರುವುದರಿಂದ, ಹಳೆಯ ಲೇಖನಗಳಲ್ಲಿ ಓದಿದ ಸಂಖ್ಯೆಗಳನ್ನು ನಂಬಿಕೊಂಡು ಹೋಗಬೇಡಿ.

ಘೋಷಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳುತ್ತದೆ. ತೆರಿಗೆ ಬಾಕಿ ಇಲ್ಲದಿದ್ದರೂ, ಬರೆಯದಿದ್ದುದಕ್ಕೇ ಈ ದಂಡ. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ವಿನಾಯಿತಿ ಸಿಕ್ಕಿತೆಂದು ಕೇಳಿರಬಹುದು. ಅದು ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ.

ಬಾಡಿಗೆ ಬಂದರೆ ಅದು ಭಾರತದ ಆದಾಯಕ್ಕೆ ಸೇರುತ್ತದೆ. ದುಬೈನಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆ ಇಲ್ಲ ಎಂಬುದು ನಿಜವಾದರೂ ಇಲ್ಲಿನ ನಿವಾಸಿಗೆ ಅದರಿಂದ ಲಾಭವಿಲ್ಲ. ಅಲ್ಲಿ ಕಟ್ಟಿದ ತೆರಿಗೆಯೇ ಇಲ್ಲದ್ದರಿಂದ ಇಲ್ಲಿ ಕಳೆಯಲು ಏನೂ ಉಳಿಯುವುದಿಲ್ಲ. ಮನೆ ಬಾಡಿಗೆಗೆ ಸಿಗುವ ಶೇ 30ರ ಕಡಿತ ಮಾತ್ರ ದೊರೆಯುತ್ತದೆ. ಬಾಡಿಗೆ ಜಮೆಯಾಗುವ ಅಲ್ಲಿನ ಬ್ಯಾಂಕ್ ಖಾತೆಯ ಮಾಹಿತಿ ದೇಶಗಳ ನಡುವಿನ ಒಪ್ಪಂದದ ಮೂಲಕ ನಮ್ಮ ಇಲಾಖೆಗೆ ತಾನಾಗಿ ಬರುತ್ತದೆ.

ಉಯಿಲು ಮತ್ತು ಮಾರಾಟ

ಸ್ಥಿರಾಸ್ತಿಯ ಉತ್ತರಾಧಿಕಾರಕ್ಕೆ ಅದು ಇರುವ ದೇಶದ ಕಾನೂನೇ ಮುಖ್ಯ. ಮುಸ್ಲಿಮರ ಆಸ್ತಿಗೆ ದುಬೈನಲ್ಲಿ ಷರೀಯತ್ ಪ್ರಕಾರ ಪಾಲಾಗುತ್ತದೆ. ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಪ್ರತ್ಯೇಕ ನಾಗರಿಕ ಕಾನೂನಿದೆ, ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ಉಯಿಲು ನೋಂದಣಿ ವ್ಯವಸ್ಥೆಯೂ 2015ರಿಂದ ಇದೆ. ಕೋಲಾರದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಉಯಿಲನ್ನು ಅಲ್ಲಿ ಜಾರಿ ಮಾಡಿಸುವುದು ದೀರ್ಘ ಕೆಲಸ. ಫ್ಲ್ಯಾಟಿಗೆ ಮಾತ್ರ ಅಲ್ಲಿಯೇ ಬೇರೆ ಉಯಿಲು ಬರೆಸಿ. ಎರಡು ಉಯಿಲುಗಳಲ್ಲಿ ಒಂದು ಇನ್ನೊಂದನ್ನು ರದ್ದುಪಡಿಸುವ ವಾಕ್ಯ ನುಸುಳದಂತೆ ವಕೀಲರಿಗೆ ಹೇಳಿ.

ಮಾರಿದಾಗ, 24 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಲಾಭದ ಮೇಲೆ ಭಾರತದಲ್ಲಿ ಶೇ 12.5 ತೆರಿಗೆ. ಲಾಭವನ್ನು ರೂಪಾಯಿಯಲ್ಲಿ ಲೆಕ್ಕ ಹಾಕುವುದರಿಂದ, ದಿರ್ಹಂ ಬೆಲೆ ಏರದಿದ್ದರೂ ರೂಪಾಯಿ ಕುಸಿದ ಕಾರಣಕ್ಕೆ ತೆರಿಗೆ ಬೀಳಬಹುದು. ಆ ಹಣದಲ್ಲಿ ಇನ್ನೊಂದು ಮನೆ ಕೊಂಡು ತೆರಿಗೆ ಉಳಿಸಬೇಕೆಂದರೆ ಆ ಮನೆ ಭಾರತದಲ್ಲೇ ಇರಬೇಕು. ಬಂಗಾರಪೇಟೆಯಲ್ಲಿ ಕೊಂಡರೆ ವಿನಾಯಿತಿ ಉಂಟು, ದುಬೈನಲ್ಲೇ ದೊಡ್ಡ ಫ್ಲ್ಯಾಟಿಗೆ ಬದಲಾಯಿಸಿದರೆ ಇಲ್ಲ. ಮಾರಾಟದ ಹಣಕ್ಕೂ 180 ದಿನಗಳ ಗಡುವು ಅನ್ವಯಿಸುತ್ತದೆ, ಮತ್ತು ಆ ಹಣ ಊರಿನ ಖಾತೆಗೆ ಜಮೆಯಾದ ದಿನ ಬ್ಯಾಂಕಿನವರು ಕೇಳುವುದು ವರ್ಷಗಳ ಹಿಂದಿನ ಎ2 ಪ್ರತಿಯನ್ನು.